ಚಿಕ್ಕಮ್ಮನ ತಲೆಸುತ್ತಿನ ಸಂಶೋಧನೆ

ತಲೆ ಸುತ್ತಿದರೆ ನೀವು ಏನು ಮಾಡುತ್ತೀರಿ? ಕುಳಿತುಕೊಳ್ಳುತ್ತೀರಿ, ನೀರು ಕುಡಿಯುತ್ತೀರಿ, ಹೆಚ್ಚೆಂದರೆ ಡಾಕ್ಟರ ಹತ್ತಿರ ಹೋಗುತ್ತೀರಿ. ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿರುವ ನನ್ನ ಚಿಕ್ಕಮ್ಮ ಹಾಗಲ್ಲ. ತಲೆ ಸುತ್ತಿದ ಕೂಡಲೇ ಅವರು ಬರೆದಿಡಲು ಪೆನ್ನು, ನೋಟುಪುಸ್ತಕ ಹುಡುಕುತ್ತಾರೆ! ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಲಿಟ್ಮಸ್ ಕಾಗದ, ಪ್ರನಾಳ ಎಲ್ಲ ಕೈಬಿಟ್ಟು ಹೋದ ಮೇಲೆ ಪ್ರಯೋಗಕ್ಕೆ ಏನೂ ಸಿಗದೆ ಸೊರಗಿದ್ದರು. ಅಷ್ಟರಲ್ಲಿ ಈ ತಲೆಸುತ್ತು ಬಂತು ನೋಡಿ. ಅವರು ಹೆದರಿದರು ಎಂದುಕೊಂಡಿರಾ? ಒಳಗೊಳಗೇ ಖುಷಿಪಟ್ಟರು ಎಂದು ನನ್ನ ಗುಮಾನಿ.

"ಡಾಕ್ಟರಿಗೆ ತೋರಿಸುವಾ, ಚಿಕ್ಕಮ್ಮ," ಎಂದು ನಾನು ಬನ್ನಂಜೆಯಿಂದ ಫೋನು ಮಾಡಿ ಹೇಳಿದೆ.

"ಡಾಕ್ಟರು ಯಾಕೆ ಸುತ್ತುದು ಅಂತ ಕೇಳಿದರೆ ಎಂತ ಹೇಳುದು? ಮೊದಲು ಕಾರಣ ಸಿಗಲಿ ಮಾರಾಯ."

ಕಾರಣ ಹುಡುಕಲಿಕ್ಕೇ ಅಲ್ಲವೇ ಡಾಕ್ಟರು ಇರುವುದು! ಆದರೆ ಇದನ್ನು ಆ ಟೀಚರಿಗೆ ಹೇಳುವವರು ಯಾರು? ಅವರ ಕ್ಲಾಸಿನಲ್ಲೇ ಕೂತು ಪೆಟ್ಟು ತಿಂದವನು ನಾನು.

ಕಾರಣಗಳಿಗೆ ಊರಲ್ಲಿ ಬರವೇ? ಪಕ್ಕದ ಮನೆಯವರು ಪಿತ್ತ ಎಂದರು. ಬಸ್ಸಿನಲ್ಲಿ ಸಿಕ್ಕಿದವರೊಬ್ಬರು ಕುತ್ತಿಗೆಯ ಎಲುಬು ಎಂದರು. ಮೀನು ತರುವ ಅಕ್ಕ, ರಕ್ತ ಕಡಿಮೆ ಎಂದು ಹೇಳಿ ನಾಲ್ಕು ಬಂಗುಡೆ ಹೆಚ್ಚು ದಾಟಿಸಿದರು. ಕಿವಿಯ ತೊಂದರೆ, ಸಕ್ಕರೆ, ಹೊಸ ಕನ್ನಡಕ, ಗ್ಯಾಸ್! ಚಿಕ್ಕಮ್ಮ ಯಾವುದನ್ನೂ ತಳ್ಳಿಹಾಕಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು ಎಂಬ ನಿಯಮದಂತೆ ಒಂದು ವಾರ ಹಳೆ ಕನ್ನಡಕ, ಒಂದು ವಾರ ಚಹಾ ಬಂದ್, ಇನ್ನೊಂದು ವಾರ ದಿಂಬಿಲ್ಲದ ನಿದ್ದೆ. ಹೋಲಿಸಿ ನೋಡಲು ತಲೆ ಸುತ್ತದವರು ಒಬ್ಬರು ಬೇಕಲ್ಲ? ಆ ಪಾಪದ ಪ್ರಾಣಿ ಚಿಕ್ಕಪ್ಪ. ಅವರ ಚಹಾವೂ ಬಂದ್, ದಿಂಬೂ ಬಂದ್.

"ತಲೆ ಸುತ್ತುದು ಅವಳಿಗೆ, ಕುತ್ತಿಗೆ ನೋವು ನನಗೆ. ಇದು ಎಂಥ ವಿಜ್ಞಾನ ಮಾರಾಯ?" ಎಂದು ಚಿಕ್ಕಪ್ಪ ನನ್ನ ಹತ್ತಿರ ಗೊಣಗಿದರು.

ಎತ್ತರಕ್ಕೆ ಹೋದರೆ ಹೆಚ್ಚಾಗುತ್ತದೆಯೇ ಎಂದು ನೋಡಲು ಒಂದು ಸಂಜೆ ಕಾಪುವಿನ ಲೈಟ್‌ಹೌಸ್ ಹತ್ತುವ ಕಾರ್ಯಕ್ರಮ! ಕಾವಲಿಗೆ ನಾನು. ಚಿಕ್ಕಮ್ಮ ತುದಿಗೆ ಹೋಗಿ ಕೆಳಗೆ ನೋಡಿದರು, ಆಕಾಶ ನೋಡಿದರು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು. ಪಕ್ಕದಲ್ಲಿದ್ದ ಪ್ರವಾಸಿಗಳು ಮೆಲ್ಲಗೆ ದೂರ ಸರಿದರು. ಚಿಕ್ಕಮ್ಮನಿಗೆ ಏನೂ ಆಗಲಿಲ್ಲ, ತಲೆ ಸುತ್ತಿದ್ದು ನನಗೆ! ಅದನ್ನೂ ಬರೆದುಕೊಂಡರು. ಆದರೆ ಕೆಳಗಿಳಿದು, ಮರಳಲ್ಲಿ ಕೂತು ಚರುಮುರಿ ತಿಂದು ಎದ್ದದ್ದೇ, ಗಪ್ಪನೆ ನನ್ನ ಭುಜ ಹಿಡಿದು ಕಣ್ಣು ಮುಚ್ಚಿದರು.

"ಮೇಲೆ ಹೋದರೆ ಇಲ್ಲ, ಕೂತು ಎದ್ದರೆ ಉಂಟು. ಎಷ್ಟು ಚಂದದ ಫಲಿತಾಂಶ ಅಲ್ವಾ?"

ಮುಖ ಮಾತ್ರ ಸುಣ್ಣದ ಹಾಗೆ ಬಿಳಿಚಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. "ಬಿ.ಪಿ. ಮಾತ್ರೆ ತಿಂತೀರಲ್ಲ, ಅದರಿಂದ ಇರಬಹುದಾ?" ಎಂದು ಕೇಳಿದೆ. "ಅದಲ್ಲ," ಎಂದರು. ಅಷ್ಟೇ. ಪರೀಕ್ಷೆಯಿಲ್ಲ, ಪಟ್ಟಿಯಿಲ್ಲ, ಚರ್ಚೆಯೂ ಇಲ್ಲ! ದಿಂಬನ್ನೇ ಬಿಡದ ಚಿಕ್ಕಮ್ಮ ಇದೊಂದನ್ನು ಹೇಗೆ ಬಿಟ್ಟರು ಎಂದು ಆಶ್ಚರ್ಯವಾಯಿತು.

ಮರುವಾರ ಬೆಳಿಗ್ಗೆ ತಿಂಡಿ ತಿಂದು ಎದ್ದವರು ಅಲ್ಲೇ ದೊಪ್ಪನೆ ಬಿದ್ದರು. ಹಣೆ ಮೇಜಿನ ಅಂಚಿಗೆ ಬಡಿದು ರಕ್ತ ಬಂತು. ಸ್ವಲ್ಪ ಹೊತ್ತು ಎಚ್ಚರವೇ ಇರಲಿಲ್ಲ. ಕಣ್ಣು ಬಿಟ್ಟು ಆಡಿದ ಮೊದಲ ಮಾತು, "ಗಂಟೆ ಎಷ್ಟು? ಬರೆಯಿರಿ!"

"ಬರೆಯುದಿಲ್ಲ! ಕಾರು ಹತ್ತು!" ಎಂದು ಚಿಕ್ಕಪ್ಪ ಜೀವಮಾನದಲ್ಲಿ ಮೊದಲ ಸಲ ಹೆಂಡತಿಗೆ ಗದರಿದರಂತೆ.

ನಾನು ಮಣಿಪಾಲಕ್ಕೆ ಮುಟ್ಟುವಾಗ ಹಣೆಗೆ ಹೊಲಿಗೆ ಬಿದ್ದಿತ್ತು. ಎಳೆಯ ಪ್ರಾಯದ ಡಾಕ್ಟರಮ್ಮ ಸ್ಕ್ಯಾನು, ಇ.ಸಿ.ಜಿ., ರಕ್ತ ಎಲ್ಲ ನೋಡಿದರು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. ನಿಂತ ಕೂಡಲೇ ಅದು ಇಳಿದುಹೋಗುತ್ತಿತ್ತು. ಚಿಕ್ಕಮ್ಮನ ಪುಸ್ತಕವನ್ನು ಕುತೂಹಲದಿಂದ ಓದಿ, "ತಿನ್ನುವ ಮಾತ್ರೆಗಳನ್ನು ಬರೆದೇ ಇಲ್ಲವಲ್ಲ?" ಎಂದರು. ಚಿಕ್ಕಪ್ಪ ಮನೆಯಿಂದ ತಂದ ಚೀಲವನ್ನು ಸುರಿದರು. ಎರಡು ಪೆಟ್ಟಿಗೆ. ಒಂದು ಕಾರ್ಕಳದ ಅಂಗಡಿಯದು, ಇನ್ನೊಂದರ ಮೇಲೆ ಅರಬಿ ಅಕ್ಷರ.

"ಅಮ್ಮಾ, ಹೆಸರು ಬೇರೆ, ಒಳಗಿನ ಮದ್ದು ಒಂದೇ! ನೀವು ಡಬಲ್ ತಿಂತಾ ಇದ್ದೀರಿ. ಈ ಅರಬಿ ಅಕ್ಷರದ್ದನ್ನು ನಿಲ್ಲಿಸಿ, ಕಾರ್ಕಳದ್ದನ್ನು ಮಾತ್ರ ಬಿಡಬೇಡಿ. ಇನ್ನು ತಲೆ ಸುತ್ತುವಾಗ ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಎದೆ ನೋವಾದರೆ, ಇವತ್ತಿನ ಹಾಗೆ ಎಚ್ಚರ ತಪ್ಪಿದರೆ ಪುಸ್ತಕ ಹುಡುಕುತ್ತಾ ಕೂರಬೇಡಿ. ಕೂಡಲೇ ಬನ್ನಿ."

ಚಿಕ್ಕಮ್ಮ ಪುಸ್ತಕ ಹುಡುಕಿದರು, ಇದನ್ನು ಬರೆದುಕೊಳ್ಳಲು!

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ನಗು ತಡೆಯಲಾಗಲಿಲ್ಲ. "ಟೀಚರೇ, ಲೋಕವನ್ನೆಲ್ಲ ಪರೀಕ್ಷೆ ಮಾಡಿದಿರಿ, ಇದೊಂದನ್ನು ಬಿಟ್ಟಿರಲ್ಲ?"

ಅವರು ನಗಲಿಲ್ಲ. ಅರಬಿ ಅಕ್ಷರದ ಪೆಟ್ಟಿಗೆ ಅವರ ಕೈಯಲ್ಲೇ ಇತ್ತು. ಅದು ನನ್ನ ಮಾವ, ಎಂದರೆ ಅವರ ಒಬ್ಬನೇ ತಮ್ಮ, ದುಬೈಯಿಂದ ಕೊನೆಯ ಸಲ ಬಂದಾಗ ತಂದದ್ದು. ಮಾವ ಅಲ್ಲಿಯೇ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

"ಅಲ್ಲಿಯ ಮದ್ದು ಒಳ್ಳೆಯದು ಅಂತ ಹೊತ್ತುಕೊಂಡು ಬಂದಿದ್ದ ಮಾರಾಯ. ದಿನಾ ಬೆಳಿಗ್ಗೆ ಫೋನು, ಅಕ್ಕ, ನಾನು ತಂದ ಮಾತ್ರೆ ತಿಂದಿಯಾ ಅಂತ. ತಿಂದೆ ತಿಂದೆ ಅಂತ ಹೇಳ್ತಿದ್ದೆ. ಒಂದೂ ತಿಂದಿರಲಿಲ್ಲ. ಪೆಟ್ಟಿಗೆ ಒಡೆದೇ ಇರಲಿಲ್ಲ." ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಒತ್ತಿ ಮುಚ್ಚಿದರು. "ಅವನು ಹೋದ ಮೇಲೆ ತಿನ್ನಲಿಕ್ಕೆ ಶುರು ಮಾಡಿದೆ. ತಲೆಸುತ್ತು ಇದರಿಂದಲೇ ಅಂತ ನನಗೆ ಸಂಶಯ ಬರಲಿಲ್ಲ ಅಂದುಕೊಂಡಿಯಾ? ಪರೀಕ್ಷೆ ಮಾಡಿದರೆ ಗೊತ್ತಾಗ್ತಿತ್ತು. ಗೊತ್ತಾದರೆ ನಿಲ್ಲಿಸಬೇಕಿತ್ತು."

ತಮಾಷೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಈಗ ದಿನಾ ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನು ಮಾಡುವವನು ನಾನು. "ಮಾತ್ರೆ ತಿಂದಿರಾ ಚಿಕ್ಕಮ್ಮ?"

"ತಿಂದೆ," ಎನ್ನುತ್ತಾರೆ. ಒಂದು ಕ್ಷಣ ಬಿಟ್ಟು, "ಸತ್ಯವಾಗಿ ತಿಂದೆ ಮಾರಾಯ. ಒಂದೇ."