ಎರಡು ತಾಸಿನ ನವಿಲು

ರಾಣೆಬೆನ್ನೂರು ಬಸ್ ನಿಲ್ದಾಣದ ಕಂಟ್ರೋಲರ್ ಮಹಮ್ಮದ್ ಹನೀಫ್ ಎಂಬ ನಾನು ಕಳೆದ ಮಾರ್ಚ್ ತಿಂಗಳಲ್ಲಿ ಒಂದು ಘನವಾದ ನಿರ್ಧಾರ ಮಾಡಿದೆ. ಈ ತಾಲ್ಲೂಕಿನ ಕಂಪ್ಯೂಟರ್ ಚರಿತ್ರೆಯಲ್ಲಿ ನನ್ನ ಹೆಸರು ಮೊದಲ ಪುಟದಲ್ಲೇ ಇರಬೇಕು! ಎರಡನೆಯ ಪುಟ ಬೇಕಾದವರು ತೆಗೆದುಕೊಳ್ಳಲಿ.

ಆದದ್ದಿಷ್ಟು. ಒಂದು ದೊಡ್ಡ ಕಂಪನಿ ವರ್ಷದ ಕೊನೆಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಿಡುವುದಿತ್ತು. ಅಂದರೆ ಕಂಪ್ಯೂಟರಿನ ಒಳಗೆ ಕುಳಿತು ಎಲ್ಲರಿಗೂ ಕೆಲಸ ಹಚ್ಚುವ ಯಜಮಾನ. ಆ ಯಜಮಾನನನ್ನು ಎಲ್ಲರಿಗಿಂತ ಮೊದಲೇ, ಇನ್ನೂ ಪೂರ್ತಿ ತಯಾರಾಗದೆ ಇರುವಾಗಲೇ, ಮನೆಗೆ ಕರೆಸಿ ಪರೀಕ್ಷೆ ಮಾಡಬಹುದು ಎಂದು ಫೋನಿನಲ್ಲಿ ಓದಿದೆ. ಅದಕ್ಕೆ ಪ್ರೀವ್ಯೂ ಎಂದು ಹೆಸರು. ನಿಲ್ದಾಣದಲ್ಲಿ ಬಸ್ಸು ಹೊರಡುವುದನ್ನು ಕೂಗಿ ಹೇಳುವ ಮೈಕಿನ ಮುಂದೆ ಇನ್ನೊಂದು ಪಾಳಿ ಮಾಡುವ ದುರ್ಗೇಶನಿಗೆ ಇದನ್ನು ಹೇಳಿದೆ. ಅರೆಬೆಂದದ್ದನ್ನು ಯಾಕೆ ಉಣ್ಣಬೇಕು ಎಂದ. ಇಂಥವರಿಂದಲೇ ರಾಣೆಬೆನ್ನೂರು ಹಿಂದುಳಿದಿದೆ ಎಂದು ನಾನು ಅವನ ಮೇಲೆ ಕನಿಕರಪಟ್ಟೆ.

ಒಂದೇ ಒಂದು ಸಣ್ಣ ತೊಡಕಿತ್ತು. ನನ್ನ ಹತ್ತಿರ ಕಂಪ್ಯೂಟರ್ ಇರಲಿಲ್ಲ.

ಮನೆಯಲ್ಲಿದ್ದ ಒಂದೇ ಕಂಪ್ಯೂಟರ್ ನನ್ನ ಹೆಂಡತಿ ತಬಸ್ಸುಮ್‌ಳದು. ಆಕೆಯದು ಕಂಪ್ಯೂಟರ್ ಕಸೂತಿಯ ಕೆಲಸ. ಮುಂದಿನ ಖೋಲಿಯಲ್ಲಿ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಒಂದು ಮುದಿ ಮಷೀನ್ ಇದೆ. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಕಂಪ್ಯೂಟರು ಕೇಬಲ್ಲಿನ ಮೂಲಕ ಒಂದೊಂದು ಹೊಲಿಗೆಯನ್ನೂ ಹೇಳಿಕೊಡಬೇಕು, ಅದು ಹಾಕಬೇಕು. ಕಂಪ್ಯೂಟರು ಬಾಯಿ ಮುಚ್ಚಿದರೆ ಸೂಜಿ ನಿಂತಲ್ಲೇ ನಿಲ್ಲುತ್ತದೆ. ಆದರೂ ಆ ಮಷೀನಿನಿಂದ ಬಂದ ಜಂಪರುಗಳು, ಅಂದರೆ ರವಿಕೆಗಳು, ಹಾವೇರಿಯವರೆಗೂ ಹೆಸರು ಮಾಡಿವೆ. ಅದಕ್ಕೆ ಕಾರಣ ತಬಸ್ಸುಮ್‌ಳ ಒಂದು ಪದ್ಧತಿ. ಯಾವ ಡಿಸೈನ್ ಬಂದರೂ ಮೊದಲು ಚಿಂದಿ ಬಟ್ಟೆಯ ಮೇಲೆ ಪೂರ್ತಿ ಹೊಡೆದು ನೋಡುತ್ತಾಳೆ. ದಾರ ಹರಿಯಲಿಲ್ಲ, ಬಟ್ಟೆ ಸುಕ್ಕಾಗಲಿಲ್ಲ ಎಂದು ಖಾತ್ರಿಯಾದ ಮೇಲೇ ಗಿರಾಕಿಯ ರೇಷ್ಮೆ ಮುಟ್ಟುವವಳು. ನಾನು ಕಂಡಕ್ಟರ್ ಆಗಿದ್ದಾಗ ತೊಟ್ಟ ಖಾಕಿ ಅಂಗಿಗಳೆಲ್ಲ ಈ ಸೇವೆಯಲ್ಲೇ ತೀರಿಹೋಗಿವೆ. ಇಷ್ಟೊಂದು ಅಂಜಿಕೆ ಯಾಕೆ ಎಂದು ನಾನು ಆಗಾಗ ನಗುತ್ತಿದ್ದೆ.

ಆಕೆ ಮೂರು ದಿನ ಹಾವೇರಿಯ ತವರಿಗೆ ಹೋದಾಗ ನಾನು ಆ ಹೊಸ ಯಜಮಾನನನ್ನು ಅವಳ ಕಂಪ್ಯೂಟರಿನಲ್ಲಿ ಕೂಡ್ರಿಸಿ ಕಾರ್ಯ ಸಾಧಿಸಿದೆ. ಮರಳಿ ಬಂದವಳು ಹೊಳೆಯುವ ಪರದೆ ನೋಡಿ ನನ್ನ ಮುಖ ನೋಡಿದಳು. ಒಂದು ಚಿಂದಿ ಹಾಕಿ ಮಷೀನ್ ಓಡಿಸಿದಳು. ಓಡಿತು! ತಲೆ ಅಲ್ಲಾಡಿಸಿದಳು. ಆ ತಲೆ ಅಲ್ಲಾಡಿಸಿದ್ದನ್ನು ನಾನು ರಾಜ್ಯ ಪ್ರಶಸ್ತಿ ಎಂದು ತಿಳಿದು ನಿಲ್ದಾಣದಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಇನ್ನು ನಾನು ಮುಚ್ಚಿಟ್ಟ ಸಂಗತಿಗೆ ಬರುತ್ತೇನೆ. ಏಪ್ರಿಲ್ ಮೊದಲ ವಾರದಿಂದ ಪರದೆಯ ಮೂಲೆಯಲ್ಲಿ ಒಂದು ಹಳದಿ ಚೀಟಿ ಕಾಣಿಸಿಕೊಳ್ಳತೊಡಗಿತು. ಈ ಪ್ರೀವ್ಯೂದ ಅವಧಿ ಇಂಥ ದಿನ ಮುಗಿಯುತ್ತದೆ, ಅಷ್ಟರೊಳಗೆ ಮುಂದಿನದನ್ನು ಹಾಕಿಕೊಳ್ಳಿ ಎಂದು. ಕೆಳಗೆ "ಆಮೇಲೆ ನೆನಪಿಸು" ಎನ್ನುವ ಗುಂಡಿ. ಮುಂದಿನದನ್ನು ಹಾಕಲು ಒಂದು ದಿನ ಮಷೀನ್ ನಿಲ್ಲಿಸಬೇಕು, ಹೆಂಡತಿಗೆ ಹೇಳಬೇಕು, ಆಕೆ ಮತ್ತೆ ನನ್ನ ಮುಖ ನೋಡಬೇಕು. ಯಾರಿಗೆ ಬೇಕು? ಪ್ರತಿದಿನ ಬೆಳಿಗ್ಗೆ ಆಕೆ ಕೂಡ್ರುವ ಮೊದಲೇ ಹೋಗಿ ಆ ಗುಂಡಿ ಒತ್ತಿ ಬರುತ್ತಿದ್ದೆ. ನಂತರ ನಿಲ್ದಾಣಕ್ಕೆ ಹೋಗಿ, ಮೈಕಿನಲ್ಲಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಬಸ್ಸು ತಪ್ಪಿಸಿಕೊಂಡವರನ್ನು ಬಾಯಿತುಂಬ ಬೈಯುತ್ತಿದ್ದೆ.

ಅಷ್ಟರಲ್ಲಿ ಬ್ಯಾಡಗಿಯಿಂದ ಪ್ರೇಮವ್ವ ಬಂದರು. ಮಗಳು ಸುನಿತಾಳ ಲಗ್ನ, ಕದರಮಂಡಲಗಿಯಲ್ಲಿ, ಭಾನುವಾರ. ಕೈಯಲ್ಲಿ ಧಾರೆ ಸೀರೆಯಿಂದಲೇ ಕತ್ತರಿಸಿದ ಜಂಪರಿನ ತುಣುಕು. ಅಂಥದ್ದು ಇನ್ನೊಂದು ಬೇಕೆಂದರೆ ಇನ್ನೊಂದು ಸೀರೆಯನ್ನೇ ತರಬೇಕು. ಬೆನ್ನ ಮೇಲೆ ಗರಿ ಬಿಚ್ಚಿದ ನವಿಲು ಬೇಕು, ಗುರುವಾರ ಸಂಜೆ ಆರರೊಳಗೆ ಬ್ಯಾಡಗಿಯ ಟೇಲರನ ಕೈ ಸೇರಬೇಕು, ಅವನು ಹೊಲಿದು ಕೊಡುತ್ತಾನೆ ಎಂದರು. ತಬಸ್ಸುಮ್ ಒಪ್ಪಿಕೊಂಡ ಮೇಲೂ ಅವರು ಏಳಲಿಲ್ಲ.

"ಹಿರೇ ಮಗಳ ಜಂಪರ ಬ್ಯಾರೆ ಕಡೆ ಕೊಟ್ಟು ಕೆಡಿಸಿಕೊಂಡ್ವಿ ತಂಗಿ," ಎಂದರು. "ಲಗ್ನದ ಫೋಟೋದಾಗೆಲ್ಲಾ ಆಕಿ ಸೆರಗು ಹೊದ್ದುಕೊಂಡು ನಿಂತಾಳ. ನೋಡಿದಾಗೊಮ್ಮೆ ಕರಳು ಚುರ್ ಅಂತೈತಿ. ಈಕಿಗೆ ಹಂಗ ಆಗಬಾರದು."

ಬುಧವಾರ ನನ್ನ ಕೊನೆಯ ಖಾಕಿ ಅಂಗಿಯ ಬೆನ್ನ ಮೇಲೆ ಟ್ರಯಲ್ ನವಿಲು ಎದ್ದಿತು. ಐದು ತಾಸು ಹಿಡಿಯಿತು, ಒಂದು ಗರಿಯೂ ಕೊಂಕಲಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ತಬಸ್ಸುಮ್ ಅಸಲಿ ರೇಷ್ಮೆ ಬಿಗಿದು ಮಷೀನ್ ಚಾಲೂ ಮಾಡಿದಳು. ಅಂದು ನನಗೆ ವಾರದ ರಜೆ. ಪೇಪರ್ ಓದುತ್ತ ಕುಳಿತಿದ್ದೆ. ಒಂಬತ್ತಕ್ಕೆ ಸರಿಯಾಗಿ ಮಷೀನಿನ ಸದ್ದು ನಿಂತಿತು.

ಹೋಗಿ ನೋಡಿದೆ. ನವಿಲಿಗೆ ಕೊರಳಿದೆ, ಒಂದು ರೆಕ್ಕೆ ಇದೆ, ಸೂಜಿ ರೇಷ್ಮೆಯಲ್ಲಿ ನಾಟಿ ನಿಂತಿದೆ. ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿದೆ. ಹೊತ್ತಿಕೊಂಡ ಮೇಲೆ ಪರದೆಯ ನಡುವೆ ಕೆಂಪು ಫಲಕ: ಅವಧಿ ಮುಗಿದಿದೆ, ಇನ್ನು ಮುಂದೆ ಪ್ರತಿ ಎರಡು ತಾಸಿಗೊಮ್ಮೆ ಈ ಕಂಪ್ಯೂಟರು ತಾನಾಗಿ ಬಂದ್ ಆಗಿ ಮತ್ತೆ ಚಾಲೂ ಆಗುತ್ತದೆ.

ತಬಸ್ಸುಮ್ ಎರಡು ಸಲ ಓದಿದಳು. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದಾಗ ಮಾತ್ರ ಪೂರ್ತಿ ಕನ್ನಡ.

"ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಚೀಟಿ ಬರತಿತ್ತು... ನಾ ಒತ್ತತಿದ್ದೆ."

"ಟ್ರಯಲ್ ಚಿಂದಿ ಮ್ಯಾಲ ಮಾಡ್ತಾರ. ನೀವು ನನ್ನ ಅನ್ನದ ಮ್ಯಾಲ ಮಾಡೀರಿ."

 ಹಳೆಯ ಯಜಮಾನನನ್ನೇ ಮತ್ತೆ ಕರೆಸೋಣ ಎಂದರೆ ಎಲ್ಲ ಅಳಿಸಿ ಹಾಕಬೇಕು, ಆಮೇಲೆ ಕಸೂತಿಯ ಸಾಫ್ಟ್‌ವೇರಿನ ಬೀಗ ತೆರೆಯಲು ಮಷೀನ್ ಮಾರಿದ ಹುಬ್ಬಳ್ಳಿಯವನೇ ಬರಬೇಕು. ಅವನು ಸೋಮವಾರ ಎಂದ. ಊರಿನ ಬೇರೆ ಮಷೀನಿನವರಿಗೆ ಫೋನ್ ಮಾಡಿದರೆ ಲಗ್ನಸರಾಯಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ ಎಂದರು. ಆಗ ನನ್ನ ತಲೆಯಲ್ಲಿ ದಿವ್ಯವಾದ ವಿಚಾರವೊಂದು ಮೂಡಿತು. ಅವಧಿ ಮುಗಿದಿದೆ ತಾನೇ? ಕಂಪ್ಯೂಟರಿನ ತಾರೀಕನ್ನೇ ಒಂದು ತಿಂಗಳು ಹಿಂದಕ್ಕೆ ತಳ್ಳಿದರಾಯಿತು!

ತಳ್ಳಿದೆ. ಕೆಂಪು ಫಲಕ ಮಾಯವಾಯಿತು. ಅದರ ಜೊತೆಗೆ ಕಸೂತಿಯ ಸಾಫ್ಟ್‌ವೇರೂ ಮಾಯವಾಯಿತು. ನಿನ್ನೆ ಏಪ್ರಿಲ್ ಇದ್ದದ್ದು ಇವತ್ತು ಮಾರ್ಚ್ ಹೇಗಾಯಿತು ಎಂದು ಅದಕ್ಕೆ ಅನುಮಾನ. ನನ್ನನ್ನು ಕಳ್ಳನೆಂದು ತಿಳಿದು ಬಾಗಿಲು ಹಾಕಿಕೊಂಡಿತು. ತಾರೀಕು ಸರಿಮಾಡಿ, ಹುಬ್ಬಳ್ಳಿಯವನಿಗೆ ಫೋನಿನಲ್ಲಿ ಆಣೆ ಪ್ರಮಾಣ ಮಾಡಿ, ಅವನು ಹೇಳಿದ ಗುಂಡಿಗಳನ್ನೆಲ್ಲ ಒತ್ತಿ ಅದನ್ನು ಒಲಿಸಿಕೊಳ್ಳುವಷ್ಟರಲ್ಲಿ ಹತ್ತೂಕಾಲು. ನಾನು ಎದ್ದೆ, ಕುಳಿತೆ, ಫ್ಯಾನ್ ಹಾಕಿದೆ, ಫ್ಯಾನ್ ತೆಗೆದೆ. ಮಷೀನಿನ ಸುತ್ತ ನಾಲ್ಕು ಸಲ ತಿರುಗಿದೆ. ಐದನೆಯ ಸಲ ತಬಸ್ಸುಮ್ ಕಣ್ಣೆತ್ತಿ ನೋಡಿದಳು, ಬಾಗಿಲ ಹತ್ತಿರ ನಿಂತುಕೊಂಡೆ. ಒಂದು ರೆಕ್ಕೆಯ ಆ ನವಿಲು ಕಣ್ಣಿಗೆ ಬಿದ್ದಾಗಲೆಲ್ಲ ಸೆರಗು ಹೊದ್ದುಕೊಂಡ ಮದುಮಗಳೇ ಎದುರು ನಿಂತಂತಾಗಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಇಷ್ಟೂ ಹೊತ್ತು ನನ್ನ ತಾಯಿ ಕುಲ್ಸುಮಬಿ ಕಟ್ಟೆಯ ಮೇಲೆ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಹಲಗೇರಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವಳು. ಕಂಪ್ಯೂಟರಿಗೂ ಅವಳಿಗೂ ಸಂಬಂಧವಿಲ್ಲ. ಏನಾಗಿದೆ ಎಂದು ಕೇಳಿದಳು. ಎರಡು ತಾಸಿಗೊಮ್ಮೆ ಹೋಗುತ್ತದೆ ಎಂದು ಸೊಸೆ ಹೇಳಿದಳು.

"ಇಷ್ಟs?" ಎಂದಳು ಅಮ್ಮಿ. "ನಮ್ಮ ಹೊಲಕ್ಕ ತ್ರೀಫೇಸ್ ಕರೆಂಟ್ ಎರಡs ತಾಸು ಬರತಿತ್ತು. ಹೋತು ಅಂತ ಅಳಕೋತ ಕುಂದ್ರತಿದ್ವೇನು? ಎರಡು ತಾಸಿನ್ಯಾಗ ಎಷ್ಟು ಮಡಿ ತೋಯತಾವ ಅಷ್ಟಕ್ಕ ನೀರು ಹಾಯಿಸಿ, ಹೋಗೂ ಮೊದಲ ನಾವs ಮೋಟರ್ ಬಂದ್ ಮಾಡತಿದ್ವಿ. ನವಿಲಿಗೂ ಹಂಗs ಮಡಿ ಮಾಡ್ರಿ."

ತಬಸ್ಸುಮ್ ಒಂದು ಕ್ಷಣ ಅತ್ತೆಯನ್ನು ನೋಡಿದಳು. ಆಮೇಲೆ ಮಷೀನಿನ ಮುಂದೆ ಬಗ್ಗಿ, ಸೂಜಿ ನಿಂತ ತೂತನ್ನು ನೋಡಿ, ಪರದೆಯ ಮೇಲಿನ ನವಿಲಿನಲ್ಲಿ ಅದೇ ತೂತನ್ನು ಹುಡುಕತೊಡಗಿದಳು. ಸಾವಿರಾರು ಹೊಲಿಗೆಗಳಲ್ಲಿ ಒಂದು. ಅರ್ಧ ತಾಸಾಯಿತು. ಸೂಜಿ ಇಳಿಸಿದಾಗ ಅದು ಅದೇ ತೂತಿಗೆ ಇಳಿಯಿತು. ನಾನು ಪರೀಕ್ಷಕ ಎಂದು ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಪರೀಕ್ಷೆ ಪಾಸಾಗುವುದು ಹೇಗೆಂದು ಅವತ್ತು ನೋಡಿದೆ.

ಉಳಿದ ನವಿಲನ್ನು ಎರಡು ತಾಸಿನೊಳಗೆ ಮುಗಿಯುವಂಥ ಎರಡು ಮಡಿಗಳಾಗಿ ಭಾಗ ಮಾಡಿದಳು. ಕಂಪ್ಯೂಟರನ್ನು ಅದು ಹೋಗುವ ಮೊದಲೇ ನಾವೇ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆವು. ಅಲ್ಲಿಂದ ಹೊಸ ಎರಡು ತಾಸು. ಐದು ನಿಮಿಷಕ್ಕೊಮ್ಮೆ ಹೊಲಿಗೆಯ ನಂಬರ್ ಬರೆದಿಡುವುದು, ಎಷ್ಟು ಹೊತ್ತು ಉಳಿದಿದೆ ಎಂದು ಕೂಗಿ ಹೇಳುವುದು, ಇದು ನನ್ನ ಪಾಲಿಗೆ ಬಂತು. ಇಪ್ಪತ್ತು ವರ್ಷದ ಅನುಭವ ಸುಮ್ಮನಿರುತ್ತದೆಯೇ? "ಪ್ರಯಾಣಿಕರ ಗಮನಕ್ಕೆ, ಎರಡನೇ ರೆಕ್ಕೆ ಇನ್ನು ಹತ್ತು ನಿಮಿಷದಲ್ಲಿ ಹೊರಡಲಿದೆ" ಎಂದು ಒಂದು ಸಲ ಹೇಳಿದೆ. ಯಾರೂ ನಗಲಿಲ್ಲ. ಆಮೇಲೆ ಬರೀ ನಿಮಿಷ ಹೇಳಿದೆ.

ಮಧ್ಯಾಹ್ನ ಎರಡಕ್ಕೆ ಕೊನೆಯ ಗರಿಯ ಕೊನೆಯ ಹೊಲಿಗೆ ಬಿತ್ತು. ತಬಸ್ಸುಮ್ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳು. ಎಲ್ಲಿ ನಿಂತಿತ್ತು, ಎಲ್ಲಿ ಮತ್ತೆ ಶುರುವಾಯಿತು, ಹುಡುಕಿದರೂ ಸಿಗಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಆ ಭರದಲ್ಲಿ ಭಾಷಣವನ್ನೇ ಮಾಡಿದೆ. ಇನ್ನು ಮೇಲೆ ಹೇಳಿದ ಮಾತು ಕಿವಿಗೊಟ್ಟು ಕೇಳುತ್ತೇನೆ, ಇವತ್ತಿನಿಂದ ನಾನು ಹೊಸ ಮನುಷ್ಯ, ಈ ಬಟ್ಟೆಯನ್ನು ಬ್ಯಾಡಗಿಗೆ ನಾನೇ ಮುಟ್ಟಿಸುತ್ತೇನೆ ಎಂದೆ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಬಸ್ಸುಮ್ ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿದ ಗಂಟು ತಂದು ಕೊಟ್ಟು, ನಾಲ್ಕರ ಬಸ್ಸಿಗೆ ಹೋಗಿರಿ, ಆಮೇಲಿನದು ಐದೂವರೆಗೆ, ಅದು ತಡವಾಗುತ್ತದೆ ಎಂದಳು. ನಾನು ಮುಖ ತೊಳೆಯುವಾಗ ಅಮ್ಮಿ ಚೀಲ ಹಿಡಿದು ಎಲ್ಲಿಗೋ ಹೊರಟಿದ್ದಳು. ಏನೋ ಹೇಳಿದಳು ಕೂಡ. ನೀರಿನ ಸದ್ದಿನಲ್ಲಿ ನಾನು ಹೂಂ ಎಂದೆ.

ಮೂರೂವರೆಗೇ ನಿಲ್ದಾಣ ಮುಟ್ಟಿದೆ. ಮೈಕಿನ ಮುಂದೆ ದುರ್ಗೇಶನಿದ್ದ. ಇನ್ನೂ ಅರ್ಧ ತಾಸಿದೆಯಲ್ಲ, ಬೆಳಗಿನ ಕಥೆ ಶುರುಮಾಡಿದೆ. ನನ್ನ ಕಥೆಯಲ್ಲಿ ಸೂಜಿಯ ತೂತು ಹುಡುಕಿದವನು ನಾನು, ಮಡಿ ಮಾಡುವ ಉಪಾಯವೂ ನನ್ನದೇ. ದುರ್ಗೇಶ ನಡುನಡುವೆ ಮೈಕಿಗೆ ಬಾಯಿ ಹಚ್ಚಿ ಏನೋ ಕೂಗುತ್ತಿದ್ದ. ಒಳ್ಳೆಯ ಘಟ್ಟದಲ್ಲಿ ಅಡ್ಡ ಬರಬೇಡ ಎಂದು ಒಂದು ಸಲ ಗದರಿಸಿದೆ ಕೂಡ. ಕೊನೆಯ ಗರಿ ಮುಗಿಸಿ ಗಡಿಯಾರ ನೋಡಿದರೆ ನಾಲ್ಕೂ ಹತ್ತು.

"ಬ್ಯಾಡಗಿ ಗಾಡಿ?" ಎಂದೆ.

"ಹೋತಲ್ರಿ ಸಾಹೇಬ್ರ. ಮೂರು ಸಲ ಒದರಿದೆ. ನೀವು ಹೋಗಾವ್ರಿದ್ರೇನು?"

 ಪ್ರೇಮವ್ವ ಟೇಲರನ ಅಂಗಡಿಯ ಮುಂದೆ ದಾರಿ ಕಾಯುತ್ತ ನಿಂತಿರುವುದು ಕಣ್ಣಿಗೆ ಕಟ್ಟಿತು. ಆಟೋ ಹುಡುಕಲು ಹೊರಗೆ ಓಡಿದೆ. ಅಷ್ಟರಲ್ಲಿ ಫೋನ್ ಬಂತು. ತಬಸ್ಸುಮ್.

"ಬಸ್ ಹತ್ತಿದ್ರೇನ್ರಿ?"

ಈ ಸಲ ಏನೂ ಮುಚ್ಚಿಡದೆ ಖರೆ ಹೇಳಿದೆ. ಇಲ್ಲ, ತಪ್ಪಿಸಿಕೊಂಡೆ, ಮಾತಾಡುತ್ತ ಕುಳಿತಿದ್ದೆ. ಬೈಗುಳಕ್ಕೆ ಕಾದೆ. ಬರಲಿಲ್ಲ. ಅದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು.

"ಅಲ್ಲೇ ಕುಂದ್ರಿ. ಗಂಟು ಬಿಚ್ಚಿ ನೋಡ್ರಿ."

ಕಟ್ಟೆಯ ಮೇಲೆ ಕುಳಿತು ಬಿಚ್ಚಿದೆ. ಪೇಪರಿನೊಳಗಿಂದ ಖಾಕಿ ಕಾಲರ್ ಇಣುಕಿತು, ಆಮೇಲೆ ಗುಂಡಿ ಹರಿದ ಕಿಸೆ. ಮಗುಚಿದೆ. ನನ್ನ ಹಳೆಯ ಕಂಡಕ್ಟರ್ ಅಂಗಿಯ ಬೆನ್ನ ಮೇಲೆ ಬುಧವಾರದ ನವಿಲು ಗರಿ ಬಿಚ್ಚಿಕೊಂಡು ಕುಣಿಯುತ್ತಿತ್ತು.

"ಖರೇ ಬಟ್ಟಿ ಅಮ್ಮಿ ಮೂರರ ಬಸ್ಸಿಗೇ ಒಯ್ದಾರ," ಎಂದಳು. "ನಿಮಗ ಹೇಳೇ ಹೋಗ್ಯಾರ. ಈಗ ಟೇಲರ್ ಕೈಯಾಗ ಐತಿ."

"ಮತ್ತ ನನಗ ಇದನ್ಯಾಕ ಕಟ್ಟಿ ಕೊಟ್ಟಿ?"

"ಹೊಸಾ ಮನಶ್ಯಾ ಆಗೇನಿ ಅಂದ್ರಲ್ರಿ. ಹೊಸಾದು ಏನs ಇರಲಿ, ನಾ ಮೊದಲ ಚಿಂದಿ ಕೊಟ್ಟು ನೋಡತೇನಿ."