ಕಾಕಾ ಮತ್ತು ಅಮೆರಿಕದ ಸೆನೆಟ್ಟು

ಅಮೆರಿಕಕ್ಕೂ ಕೆನಡಾಕ್ಕೂ ಇನ್ನೂ ಯುದ್ಧವಾಗಿಲ್ಲವೆಂದರೆ ಕಾರಣ ಒಂದೇ: ನಮ್ಮ ಕಾಕಾನ ಸಿಟ್ಟು ಇನ್ನೂ ಅಮೆರಿಕದ ಅಧ್ಯಕ್ಷರಿಗೆ ಮುಟ್ಟಿಲ್ಲ!

ಕಾಕಾ ಧಾರವಾಡದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ, ನಿವೃತ್ತರಾಗಿ, ಕೆನಡಾದ ಎಟೋಬಿಕೋಕಿನಲ್ಲಿರುವ ಮಗಳ ಮನೆಗೆ ಬಂದವರು. ಪಾಠಕ್ಕೆ ಮಾತ್ರ ನಿವೃತ್ತಿಯಿಲ್ಲ. ಬೆಳಗಿನ ಚಹಾ ಹಿಡಿದು ಟಿವಿಯನ್ನು ಬೈಯಲು ಕೂತರೆ ಲೋಟ ಆರಿ ತಣ್ಣಗಾದರೂ ಅವರು ಆರುವುದಿಲ್ಲ. ಅಮೆರಿಕದ ಅಧ್ಯಕ್ಷ ಬೇರೆ ದೇಶದೊಡನೆ ಒಪ್ಪಂದ ಮಾಡಿಕೊಂಡರೆ ಅಲ್ಲಿನ ಮೇಲ್ಮನೆಯಾದ ಸೆನೆಟ್ಟಿನ ಮೂರರಲ್ಲಿ ಎರಡು ಪಾಲು ಜನ ಹೂಂ ಅನ್ನಬೇಕಂತೆ. ಆ ತಲೆನೋವೇ ಬೇಡವೆಂದು ಅಧ್ಯಕ್ಷರುಗಳು, ಇದು ಒಪ್ಪಂದವಲ್ಲ, ಬರೀ ಆಡಳಿತದ ಕರಾರು ಎಂದು ಹೆಸರು ಬದಲಿಸಿ ತಾವೇ ಸಹಿ ಗೀಚುತ್ತಾರೆ. ಮುಂದೆ ಬಂದವನು ಇನ್ನೊಂದು ಸಹಿಯಿಂದ ಅದನ್ನು ಅಳಿಸುತ್ತಾನೆ. ಸುಂಕ ಹಾಕುವ ಅಧಿಕಾರವೂ ಶಾಸನಸಭೆಯದೇ. ಅದನ್ನೂ ಅಧ್ಯಕ್ಷರ ಕೈಗೆ ದಾಟಿಸಿ ಸಭೆಯವರು ಹಾಯಾಗಿದ್ದಾರೆ. ಕಾಕಾನಿಗೆ ಸಹಿ ಹಾಕಿದವನಿಗಿಂತ, ಹಾಕಲು ಬಿಟ್ಟು ಕೂತವರ ಮೇಲೆ ಹೆಚ್ಚು ಸಿಟ್ಟು.

ಹತ್ತಿರದ ನ್ಯೂಮಾರ್ಕೆಟ್ ಊರಿನಲ್ಲೊಂದು ನಾಮಕರಣ. ತೊಟ್ಟಿಲ ಪಕ್ಕದಲ್ಲೇ ಕಾಕಾ ಇದನ್ನೆಲ್ಲ ಶುರುಮಾಡಿದರು. ಹೋಳಿಗೆ ಕಾಯುತ್ತಿತ್ತು, ಮಂದಿಯೂ ಕಾಯುತ್ತಿದ್ದರು. "ತಪ್ಪೆಲ್ಲಾ ಕಾಂಗ್ರೆಸ್ಸಿನದು!" ಎಂದು ಕಾಕಾ ಗುಡುಗಿದ್ದೇ ತಡ, ಹುಬ್ಬಳ್ಳಿಯ ಹಿರಿಯರೊಬ್ಬರು ಎದ್ದು ನಿಂತು, ತಮ್ಮ ಮನೆತನವೇ ಕಾಂಗ್ರೆಸ್ಸಿನದೆಂದೂ ಇಂಥ ಮಾತು ಕೇಳಲು ಇಷ್ಟು ದೂರ ಬರಲಿಲ್ಲವೆಂದೂ ಜಗಳಕ್ಕೇ ಬಂದರು. ಅದು ಅಮೆರಿಕದ ಕಾಂಗ್ರೆಸ್ಸು, ಅಲ್ಲಿನ ಶಾಸನಸಭೆ ಎಂದು ತಿಳಿಹೇಳುವಷ್ಟರಲ್ಲಿ ಕೂಸು ಎದ್ದು ಅಳತೊಡಗಿತ್ತು.

ಗಡಿಯಾಚೆ ಅಮೆರಿಕದ ಬಫಲೋದಲ್ಲಿರುವ ನೆಂಟರ ಮನೆಗೆ ಹೊರಟಾಗ ಇನ್ನೂ ಚೆಂದ. ಗಡಿಯ ಅಧಿಕಾರಿ ಯಾಕೆ ಬಂದಿರೆಂದು ಕೇಳಿದ. ನಿಮ್ಮ ಸೆನೆಟ್ಟು ಬದುಕಿದೆಯೋ ಇಲ್ಲವೋ ನೋಡಲು ಎಂದು ಹಿಂದಿನ ಸೀಟಿನಿಂದ ಕಾಕಾ ಉತ್ತರಿಸಿದರು. ಅಧಿಕಾರಿ ನಗಲಿಲ್ಲ. ಕಾರನ್ನು ಬದಿಗೆ ಹಾಕಿಸಿ, ಶೇಂಗಾ ಹಿಂಡಿಯ ಡಬ್ಬಿಯನ್ನೂ ಬಿಡದೆ ಬಿಚ್ಚಿಸಿ ಮೂಸಿ, ಸೀನಿ, ನಮ್ಮನ್ನು ವಾಪಸು ಕಳಿಸಿದ.

ನಕ್ಕೆವು, ನಿಜ. ಆಮೇಲೆ ಒಂದು ಸಹಿ ನಮ್ಮ ಮನೆಗೇ ಬಂತು.

ಕಾಕಾನ ಅಳಿಯ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿದ್ದ. ಈ ದೇಶಕ್ಕೆ ಬಂದಂದಿನಿಂದ ಅದೊಂದೇ ಕೆಲಸ. ಅತ್ತ ಕೆನಡಾದ ಮಾಲಿನ ಮೇಲೆ ಹೊಸ ಸುಂಕಕ್ಕೆ ಸಹಿ ಬಿತ್ತು, ಇತ್ತ ಆರ್ಡರು ನಿಂತವು, ಇವನ ಶಿಫ್ಟನ್ನೇ ತೆಗೆದರು. ನನಗೂ ಮೈ ಉರಿಯಿತು. ಇವನು ಆ ಅಧ್ಯಕ್ಷನಿಗೆ ಓಟು ಹಾಕಿದವನೇ? ಆ ಸೆನೆಟ್ಟಿನಲ್ಲಿ ಇವನ ಪರವಾಗಿ ಬಾಯಿ ಬಿಡುವವರು ಯಾರಾದರೂ ಇದ್ದಾರೆಯೇ? ಎಲ್ಲೋ ಕೂತವನು ಪೆನ್ನು ಎತ್ತಿದರೆ ಇಲ್ಲಿ ಇವನು ಊಟದ ಡಬ್ಬಿ ಹಿಡಿದು ಮನೆಗೆ ನಡೆಯಬೇಕು!

ಆ ಸಂಜೆ ನಾನು ಅಲ್ಲೇ ಇದ್ದೆ. ಕಾಕಾ ಇಂದು ಚಾವಣಿ ಹಾರಿಸುತ್ತಾರೆಂದುಕೊಂಡೆ. ಮಾವ ಪಾಠ ತೆಗೆದರೆ ಬೇಸ್‌ಮೆಂಟಿಗೆ ಓಡುತ್ತಿದ್ದ ಅಳಿಯ ಇಂದು ಸೋಫಾದಲ್ಲೇ ಕೂತು ಮೆಲ್ಲಗೆ ಕೇಳಿದ:

"ಮಾಮಾ, ಅಲ್ಲೆ ಯಾರರೆ ಬ್ಯಾಡ ಅನ್ನಬಹುದಿತ್ತೇನ್ರಿ?"

ಕಾಕಾನ ಬಳಿ ಇದಕ್ಕೆ ಇಡೀ ವರ್ಷದ ಪಾಠವಿತ್ತು. ಟಿವಿಯನ್ನು ಆರಿಸಿದರು. ಹೋಗಿ ಅವನ ಪಕ್ಕದಲ್ಲಿ ಕೂತರು.

"ಅನ್ನಬಹುದಿತ್ತಪಾ," ಅಂದರು.

ಗ್ರೀಸಿನ ಕಪ್ಪು ಇನ್ನೂ ಹೋಗದಿದ್ದ ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಮಗಳು ಊಟಕ್ಕೆ ಕರೆಯುವವರೆಗೂ ಹಾಗೇ ಕೂತಿದ್ದರು.