ಕಾರ್ಬನ್ ಪ್ಲೇಟಿನ ಬೂಟು ಮತ್ತು ನನ್ನ ಪಾಡು

ಕಲಬುರಗಿಯಲ್ಲಿ ಓಡುವ ಹೆಂಗಸಿಗೆ ಒಂದು ದಿನವಾದರೂ ಸುಮ್ಮನೆ ಓಡಿ ಸುಮ್ಮನೆ ಮನೆಗೆ ಬರುವ ಭಾಗ್ಯವಿಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಾನೊಬ್ಬಳು ಹೈರಾಣಾಗುತ್ತೇನೆ.

ನಾನು ಹೈಸ್ಕೂಲಿನಲ್ಲಿ ಪಿಟಿ ಟೀಚರು, ವಯಸ್ಸು ನಲವತ್ತು ದಾಟಿದೆ. ಗುಡ್ಡಗಾಡಿನ ಓಟದಲ್ಲಿ ಒಂದು ಕಾಲಕ್ಕೆ ನಾಲ್ಕು ಮಂದಿ ಹೆಸರು ಹೇಳುವಷ್ಟು ಓಡಿದವಳು. ಈಗ ಆ ವೇಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೋದ ವರ್ಷದ ಸ್ಪರ್ಧೆಯಲ್ಲಿ ನಾನು ಗುರಿ ಮುಟ್ಟುವ ಹೊತ್ತಿಗೆ ಪೆಂಡಾಲು ಬಿಚ್ಚುತ್ತಿದ್ದರು. ನೀರು ಕೇಳಿದರೆ, "ಓಡವ್ರೆಲ್ಲಾ ಬಂದು ಹೋಗ್ಯಾರ್ರಿ, ನೀವು ನೋಡ್ಲಿಕ್ಕ ಬಂದಿದ್ರೇನು?" ಅಂದರು.

ಅಂಥ ಹೊತ್ತಿನಲ್ಲಿ ಒಂದು ಬೂಟಿನ ಕಂಪನಿ ನನ್ನನ್ನು ಆರಿಸಿತು. ಗುಡ್ಡದ ದಾರಿಯಲ್ಲಿ ಜೋರಾಗಿ ಓಡಲೆಂದೇ ಅವರು ಹೊಸ ಬೂಟು ಮಾಡಿದ್ದರು. ಅಡಿಯಲ್ಲಿ ದಪ್ಪ ಸ್ಪಂಜು, ಸ್ಪಂಜಿನ ಹೊಟ್ಟೆಯಲ್ಲಿ ತೆಳ್ಳನೆಯ ಗಟ್ಟಿ ಕಾರ್ಬನ್ ಪ್ಲೇಟು. ಕಾಲು ಊರಿದಾಗ ಪ್ಲೇಟು ಬಗ್ಗುತ್ತದೆ, ಎತ್ತುವಾಗ ಸ್ಪ್ರಿಂಗಿನ ಹಾಗೆ ಮುಂದಕ್ಕೆ ನೂಕುತ್ತದೆ. ಹೊಸಬರಿಗೆ ಇದು ಆಗಿಬರುವುದಿಲ್ಲ, ಅನುಭವಸ್ಥರೇ ಓಡಿ ನೋಡಿ ಹೇಳಬೇಕು, ಹೇಳಿದ್ದು ಸರಿಬಂದರೆ ಖಾಯಂ ಪರೀಕ್ಷಕರ ತಂಡಕ್ಕೆ ಸೇರಿಸಿಕೊಳ್ಳುತ್ತೇವೆ ಅಂದರು. ನಾನು ಒಪ್ಪಿಕೊಂಡದ್ದು ಬೇರೆಯದೇ ಆಸೆಗೆ. ಈ ಬೂಟಾದರೂ ನನ್ನ ಹಳೇ ವೇಗವನ್ನು ಹಿಡಿದು ತಂದೀತು ಅಂತ.

ಪ್ಲೇಟ್ ಹಾಕ್ಯಾರ

ಶಹಾಬಜಾರದ ನಮ್ಮ ಮನೆಯಲ್ಲಿ ಡಬ್ಬಿ ಬಿಚ್ಚಿದಾಗ ನಮ್ಮವರು ಕೇಳಿದರು, "ಇದ್ರಾಗ ಅಂಥಾದ್ದೇನದ?"

"ಪ್ಲೇಟ್ ಹಾಕ್ಯಾರ್ರಿ. ಇನ್ನ ಕಾಲಿಗೆ ಫಿಕರಿಲ್ಲ" ಅಂದೆ.

ನಮ್ಮ ಅತ್ತೆಯವರು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ರೊಟ್ಟಿಯ ಸಪ್ಪಳದಲ್ಲಿ ಅವರ ಕಿವಿಗೆ ಬಿದ್ದದ್ದು ಎರಡೇ ಮಾತು: ಪ್ಲೇಟು, ಕಾಲು. ಸಂಜೆ ಕಟ್ಟೆಯ ಮೇಲೆ ಕೂತು ಆ ಎರಡು ಮಾತನ್ನು ಓಣಿಗೆಲ್ಲ ಹಂಚಿದರು.

ಮರುದಿನ ಬೆಳಿಗ್ಗೆ ನಾನು ಓಡಿ ಬೆವರು ಸುರಿಸುತ್ತ ಮನೆಗೆ ಬಂದರೆ ಪಡಸಾಲೆಯ ತುಂಬ ಮಂದಿ. ಎಳನೀರು, ಬಿಸ್ಕೀಟು, ಒಂದು ಚೀಲ ಮೋಸಂಬಿ. ಎದುರುಮನೆಯ ಮಾಮಿ ಅಳುವುದೊಂದು ಬಾಕಿ.

"ಯಾವ ದವಾಖಾನಿಯಾಗ ಮಾಡಿಸ್ದೆವಾ? ಸೇಡಂ ರಸ್ತಾದಾಗಿಂದೇನು? ನಿನ್ನೆ ಪ್ಲೇಟ್ ಹಾಕಸ್ಕೊಂಡು ಇವತ್ತ ತಿರಗ್ಯಾಡ್ಲಾಕತ್ತೀಯಲ್ಲ, ಹೊಲಿಗಿ ಬಿಚ್ಚಿದ್ರ ಹ್ಯಾಂಗ?"

ನಾನು ಬೂಟು ಬಿಚ್ಚಿ, ಎತ್ತಿ ತೋರಿಸಿ, ಪ್ಲೇಟು ಕಾಲಿನ ಒಳಗಲ್ಲ, ಬೂಟಿನ ಒಳಗೆ ಎಂದು ವಿವರಿಸಿದೆ. ಮಾಮಿ ನನ್ನ ಮೊಣಕಾಲನ್ನು ಎರಡು ಸಲ ಒತ್ತಿ ನೋಡಿದರು.

"ಹಂಗಾರ ನಿನ್ನ ಕಾಲ್ ಛಲೋ ಅದಾವ?"

"ಛಲೋ ಅದಾವ್ರಿ ಮಾಮಿ."

ಅವರ ಮುಖ ಬಾಡಿತು. ಮೋಸಂಬಿ ಚೀಲವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ಎದ್ದರು. "ಮೊದ್ಲೇ ಹೇಳಬಾರ್ದೇನವಾ? ಈ ಹಣ್ಣಿಗಿ ಈಗ ಇನ್ನೊಬ್ಬ ಬ್ಯಾನಿಯವ್ರನ್ನ ಎಲ್ಲಿಂದ ಹುಡುಕ್ಲಿ?"

ಕುಸನೂರ ರಸ್ತೆಯ ಕಾಕಾ

ಮೊದಲ ವೇಗದ ಪರೀಕ್ಷೆಗೆ ಕುಸನೂರ ಕಡೆಯ ರಸ್ತೆ ಆರಿಸಿಕೊಂಡೆ. ಬೆಳಿಗ್ಗೆ ಅಲ್ಲಿ ಗಾಡಿ ಕಡಿಮೆ, ವಾಕಿಂಗಿನವರು ಮಾತ್ರ. ಮೈ ಬಿಸಿ ಮಾಡಿಕೊಂಡು, ದೇವರನ್ನು ನೆನೆದು, ಇದ್ದಷ್ಟು ಶಕ್ತಿ ಹಾಕಿ ಓಡಿದೆ. ಪ್ಲೇಟು ನೂಕಿದ್ದು ಖರೇ. ಗಾಳಿ ಕಿವಿಯಲ್ಲಿ ಸುಯ್ಯೆಂದಿತು. ಅಬ್ಬಾ, ಬಂತು ನನ್ನ ವೇಗ ಅಂದುಕೊಂಡೆ.

ಆಗ ಪಕ್ಕದಲ್ಲಿ ಪಟಪಟ ಸಪ್ಪಳ. ತಲೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ರಿಟೈರಾದ ಕಾಕಾ, ಕಾಲಲ್ಲಿ ರಬ್ಬರ್ ಚಪ್ಪಲಿ, ಒಂದು ಕೈಯಲ್ಲಿ ಧೋತರದ ಚುಂಗು. ನನ್ನನ್ನು ದಾಟಿ ಹೋದರು. ಹೋದವರು ಚಹಾದ ಅಂಗಡಿಯ ಬೆಂಚು ಹತ್ತಿಯೇ ನಿಂತದ್ದು.

ನಾನು ಅಲ್ಲಿ ಮುಟ್ಟಿದಾಗ ಏದುಸಿರಿನಲ್ಲಿ ಕೇಳಿದರು, "ಏನಿತ್ತವಾ ಹಿಂದ? ಹುಚ್ಚನಾಯಿಯೋ, ಹಂದಿಯೋ?"

"ಏನೂ ಇದ್ದಿಲ್ರಿ ಕಾಕಾ."

"ಮತ್ತ್ಯಾಕ ಓಡ್ದಿ? ನೀ ಓಡಿದ್ದಕ್ಕ ನಾನೂ ಓಡ್ದೆ! ಮೊಣಕಾಲ್ ಸವದಾವ, ಜೋರ್ ನಡಿಲೇಬ್ಯಾಡಂತ ಡಾಕ್ಟರ್ ಅಂದಾರ ನನಗ."

"ಹೊಸಾ ಬೂಟ್ರಿ. ಎಷ್ಟ್ ಜೋರ್ ಓಡ್ತಾವಂತ ನೋಡ್ಲಾಕತ್ತಿದ್ದೆ."

ಕಾಕಾ ಬೆಂಚಿನಿಂದ ಇಳಿದು, ಬಗ್ಗಿ, ನನ್ನ ಬೂಟನ್ನು ಕರುಣೆಯಿಂದ ನೋಡಿದರು. "ಬಿಗಿ ಆಗ್ಯಾವೇನವಾ? ಭಾಳ ಸಾವಕಾಶ ಬರ್ಲಾಕತ್ತಿದ್ದಿ."

ಎರಿ ಹೊಲ

ಕಂಪನಿಯಲ್ಲಿ ನನ್ನೊಡನೆ ಮಾತಾಡುತ್ತಿದ್ದವರು ಬೆಂಗಳೂರಿನ ಒಬ್ಬ ಎಂಜಿನಿಯರು. "ರಸ್ತೆ ಸಾಕು ಮೇಡಂ. ಕೆಸರು, ಕಲ್ಲು, ಏರು, ಎಲ್ಲಾ ಬೇಕು" ಅಂದರು.

ಎಲ್ಲಾ ಒಂದೇ ಕಡೆ ಬೇಕೆಂದರೆ ಕಮಲಾಪುರ. ಕೆಳಗೆ ಕಪ್ಪು ಎರಿ ಹೊಲ, ಮೇಲೆ ಕೆಂಪು ಕಲ್ಲಿನ ಗುಡ್ಡ. ರವಿವಾರ ಬಸ್ಸು ಹಿಡಿದು ಹೋದೆ. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ತೊಗರಿ ಹೊಲದ ಬದುವಿನ ಮೇಲೆ ಓಟ ಶುರುಮಾಡಿದೆ.

ಹಸಿ ಎರಿಮಣ್ಣು ತುಳಿದವರಿಗೆ ಗೊತ್ತು, ಅದು ಕೆಸರಲ್ಲ, ಅಂಟು. ಹೆಜ್ಜೆ ಹೆಜ್ಜೆಗೂ ಬೂಟಿನ ಹಲ್ಲುಗಳ ಸಂದಿಯಲ್ಲಿ ಮಣ್ಣು ಮೆತ್ತಿ, ಮೆತ್ತಿದ್ದರ ಮೇಲೆ ಮತ್ತೆ ಮೆತ್ತಿ, ಹೂವಿನಷ್ಟು ಹಗುರ ಎಂದು ಕಂಪನಿ ಹೊಗಳಿದ ಬೂಟು ಕಾಲಿಗೊಂದು ರುಬ್ಬುಗುಂಡು ಕಟ್ಟಿದ ಹಾಗಾಯಿತು. ಬದುವಿನಿಂದ ಜಾರಿ ಹೊಲಕ್ಕೆ ಬಿದ್ದೆ. ಎದ್ದು ಬಲಗಾಲು ಕಿತ್ತೆ. ಕಾಲು ಬಂತು, ಬೂಟು ಬರಲಿಲ್ಲ.

ಕಸ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಕುರ್ಪಿ ಹಿಡಿದುಕೊಂಡೇ ಬಂದರು. ಅವರಲ್ಲಿ ಹಿರಿಯಳು ಕೇಳಿದಳು, "ಏನ್ ಹುಡುಕ್ಲಾಕತ್ತೀಯವ್ವಾ?"

"ಬೂಟ್ ರೀ ಅವ್ವಾ."

ಎಲ್ಲರೂ ಸೇರಿ ಕೆದರಿ ಹೊರಗೆ ತೆಗೆದರು. ನೋಡಿದರೆ ಅದು ಬೂಟೋ ಹೆಂಟೆಯೋ ತಿಳಿಯುವಂತಿರಲಿಲ್ಲ.

"ಈ ರಾಡಿಯಾಗ ಎದಕ್ ಓಡ್ತಿದ್ದಿ?"

"ಬೂಟ್ ಹ್ಯಾಂಗದ ಅಂತ ನೋಡ್ಲಿಕ್ರಿ."

"ನೋಡ್ದೇನು?"

"ನೋಡ್ದೆ" ಅಂದೆ. ಅಷ್ಟು ಹೇಳುವುದರೊಳಗೆ ನನಗೆ ಕಣ್ಣೀರೇ ಬಂತು. ಬೂಟಿಗಾಗಿ ಅಲ್ಲ. ಈ ವಯಸ್ಸಿನಲ್ಲಿ, ಒಂದು ಕಾಲಲ್ಲಿ ಕಾಲುಚೀಲ, ಮುಖದ ತುಂಬ ಮಣ್ಣು, ಯಾರ ಹೊಲದಲ್ಲೋ ನಿಂತು ನಾನು ಏನು ಮಾಡುತ್ತಿದ್ದೇನೆ ಅಂತ.

ಹಿರಿಯಳು ಸೆರಗಿನಿಂದ ನನ್ನ ಮುಖ ಒರೆಸಿ, ಹೊಲದ ಆಚೆ ಬದಿಗೆ ಕೈ ತೋರಿಸಿದಳು. ಅಲ್ಲಿ ಒಂದು ಟ್ರ್ಯಾಕ್ಟರು ಅರ್ಧ ಗಾಲಿ ಹುಗಿದುಕೊಂಡು ವಾಲಿ ನಿಂತಿತ್ತು.

"ಅದೂ ನಿನ್ನಿ ಸಂಜಿಲಿಂದ ಸಿಕ್ಕೊಂಡು ನಿಂತದ. ಅದೇನ್ ಅಳ್ಳಾಕತ್ತದೇನು?"

ಎಡಗಾಲು

ಇಷ್ಟಾದ ಮೇಲೆ ಎಂಜಿನಿಯರು ಅಂಗಿಯ ಗುಂಡಿಯಷ್ಟು ಚಿಕ್ಕ ಎರಡು ಯಂತ್ರ ಕಳಿಸಿದರು. ಲೇಸಿಗೆ ಸಿಕ್ಕಿಸಿದರೆ ಯಾವ ಕಾಲು ಎಷ್ಟು ಜೋರು ಹೋಯಿತೆಂದು ಅವು ಬರೆದಿಟ್ಟುಕೊಂಡು, ಆಮೇಲೆ ನನ್ನ ಮೊಬೈಲಿನಿಂದ ಕಂಪನಿಗೆ ಕಳಿಸುತ್ತವೆ. ಅವು ಕಳಿಸಿದ ಮೊದಲ ಓಟಗಳ ಲೆಕ್ಕ ನೋಡಿ ಅವರು ಬಹಳ ಮರ್ಯಾದೆಯಿಂದ, "ನಿಮ್ಮ ವಯಸ್ಸಿಗೆ ಚೆನ್ನಾಗಿದೆ ಮೇಡಂ" ಅಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಕೊನೆಯ ಪರೀಕ್ಷೆ ಕಮಲಾಪುರದ ಗುಡ್ಡದ್ದು. ಏರುವಾಗ ಕೆಂಪು ನೆಲ ಗಟ್ಟಿಯಾಗಿತ್ತು, ಪ್ಲೇಟು ತನ್ನ ಕೆಲಸ ಮಾಡಿತು. ಸ್ವಲ್ಪ ಹೊತ್ತು ನನಗೆ ಇಪ್ಪತ್ತೈದು ವರ್ಷವಾಗಿತ್ತು. ಇಳಿಯುವಾಗ ಸಡಿಲ ಹರಳು. ದಪ್ಪ ಸ್ಪಂಜಿನ ಮೇಲೆ ಕಾಲು ಆ ಕಡೆ ಈ ಕಡೆ ವಾಲಿ, ಹಿಮ್ಮಡಿ ಹೊರಳಿ, ಎರಡು ಸಲ ಬಿದ್ದೆ. ಮೂರನೆಯದಕ್ಕೆ ಧೈರ್ಯ ಸಾಲದೆ ಇಳಿಜಾರಿನಲ್ಲೇ ಕೂತು, ಒಳಗೆ ಹೊಕ್ಕ ಹರಳು ಕೊಡವಲು ಎಡಗಾಲಿನ ಬೂಟು ಬಿಚ್ಚಿದೆ.

ಬಿಚ್ಚಿ ಪಕ್ಕಕ್ಕಿಟ್ಟದ್ದಷ್ಟೇ. ಎಲ್ಲಿತ್ತೋ, ಒಂದು ಕಂದು ನಾಯಿ ಬಂದು ಕಚ್ಚಿಕೊಂಡು ಓಡಿತು. ಗುಡ್ಡ ಇಳಿದು, ಮುಳ್ಳಿನ ಬೇಲಿ ಜಿಗಿದು, ಕೆಂಪು ಬಾಳೆಯ ತೋಟ ಹೊಕ್ಕಿತು. ನಾನು ಕುಂಟುತ್ತ, ಕೂಗುತ್ತ, ನಿಂತು ನಿಂತು ಹಿಂದೆ ಹೋದೆ. ಕಡೆಗೆ ಸಿಕ್ಕಿದ್ದು ತೋಟ ಕಾಯುತ್ತಿದ್ದ ಮುದುಕರೊಬ್ಬರ ಹೊರಸಿನ ಕೆಳಗೆ. ನಾಯಿ ಬೂಟಿನ ಮೇಲೆ ಗದ್ದವಿಟ್ಟು ಮಲಗಿತ್ತು.

"ಖುಷಿ ಪಡ್ರಿ ಅಕ್ಕಾರ" ಅಂದರು ಮುದುಕರು. "ಅದು ಹಳೀ ಬೂಟ್ ಮೂಸೂದೂ ಇಲ್ಲ."

ಎರಡು ದಿನದ ಮೇಲೆ ಎಂಜಿನಿಯರ ಫೋನು.

"ಮೇಡಂ, ಅದ್ಭುತ! ಆ ಇಳಿಜಾರು! ನಮ್ಮ ಪರೀಕ್ಷಕರಲ್ಲಿ ಒಬ್ಬರೂ ಆ ವೇಗ ಮುಟ್ಟಿಲ್ಲ. ಬಲಗಾಲಿನ ಯಂತ್ರ ಕೆಟ್ಟಿರಬೇಕು, ನಿಂತು ನಿಂತು ಬಂದಿದೆ. ಆದರೆ ಎಡಗಾಲು! ಒಂದು ಕಡೆ ನೆಲ ಬಿಟ್ಟು ಎಷ್ಟು ಎತ್ತರ ಹಾರಿದ್ದೀರಿ ಗೊತ್ತಾ? ಖಾಯಂ ತಂಡಕ್ಕೆ ನಿಮ್ಮನ್ನ ಈಗಲೇ ಸೇರಿಸ್ತೀವಿ."

ಇಷ್ಟು ದಿನ ನನ್ನ ಕಿವಿ ಕಾದದ್ದು ಈ ಮಾತಿಗೆ. ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ಆ ವೇಗದಲ್ಲಿ ಮತ್ತೊಮ್ಮೆ ಓಡಿ ತೋರಿಸಿ ಅಂದರೆ ನಾನು ಎಲ್ಲಿಗೆ ಹೋಗಲಿ?

"ಸರ, ಅದು ನಾ ಅಲ್ರಿ. ನಾಯಿ."

"ಯಾವ ನಾಯಿ?"

"ಕಮಲಾಪುರದ್ದ್ರಿ. ಕಂದು ನಾಯಿ."

ಆ ಕಡೆ ಕೀಬೋರ್ಡಿನ ಟಕಟಕ ಸಪ್ಪಳ ಕೇಳಿಸಿತು, ಏನೋ ಅಳಿಸುತ್ತಿದ್ದರು. ಖಾಯಂ ತಂಡದ ಮಾತು ಅಲ್ಲಿಗೆ ಮುಗಿಯಿತೆಂದು ನನಗೆ ತಿಳಿಯಿತು. ಆಮೇಲೆ ಅವರು ಸೋತ ದನಿಯಲ್ಲಿ, "ಹಾಗಾದ್ರೆ ಮೇಡಂ, ಬೂಟಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತ ಬರ್ಕೊಳ್ಳಲಿ?" ಅಂದರು.

"ಬರ್ಕೋರಿ ಸರ" ಅಂದೆ. "ಬೂಟ್ ಭಾಳ ಜೋರ್ ಅದಾವ. ಕಾಲಿಗಿ ಮಾತ್ರ ಹಾಕ್ಕೋಬಾರ್ದು, ಬಾಯಾಗ ಕಚ್ಕೊಂಡು ಓಡಬೇಕು."